ಗೃಹಾರೋಗ್ಯ: ಕಾಳೋ, ಮಾಂಸವೋ?

ರಕ್ತಪರೀಕ್ಷೆಯ ಚೀಟಿಯನ್ನು ನೋಡಿದ ವೈದ್ಯರು, "ಇನ್ನೂ ಸಕ್ಕರೆ ಕಾಯಿಲೆಯಲ್ಲ, ಆದರೆ ಅದರ ಹೊಸ್ತಿಲಲ್ಲಿ ನಿಂತಿರುವಿರಿ" ಎಂದು ಹೇಳುವುದು ಈಗ ಅನೇಕ ಸಂಸಾರಗಳ ಅನುಭವವಾಗಿದೆ. ಬರಿಹೊಟ್ಟೆಯಲ್ಲಿ ತೆಗೆದ ರಕ್ತದ ಸಕ್ಕರೆಯು ಡೆಸಿಲೀಟರಿಗೆ 100ರಿಂದ 125 ಮಿಲಿಗ್ರಾಂ ಇದ್ದರೆ ಮಧುಮೇಹಪೂರ್ವ ಸ್ಥಿತಿಯೆಂದು ಅಮೆರಿಕದ ಮಧುಮೇಹ ಸಂಘದವರು ಎಣಿಸುತ್ತಾರೆ. ನಮ್ಮ ದೇಶದಲ್ಲಿ ಈ ಸ್ಥಿತಿಯವರು 13 ಕೋಟಿ 60 ಲಕ್ಷ ಮಂದಿಯೆಂದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ಅಂದಾಜು ಮಾಡಿತು. ಆದರೂ ಧೈರ್ಯಗೆಡಬೇಕಾದುದಿಲ್ಲ. ಚೆನ್ನೈಯ ವೈದ್ಯರು ಇಂತಹ 531 ಮಂದಿಯನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ವರದಿಯಂತೆ, ಆಹಾರ ವ್ಯಾಯಾಮಗಳ ನಿಯಮದಿಂದ ರೋಗಸಂಭವವು ನೂರಕ್ಕೆ 28.5ರಷ್ಟು ತಗ್ಗಿತು. ಹೊಸ್ತಿಲಿನಿಂದ ಹಿಂದಿರುಗುವ ದಾರಿ ಇದ್ದೇ ಇದೆ.

ಅನ್ನವನ್ನು ಕಡಮೆ ಮಾಡಿ ಸಸಾರಜನಕವನ್ನು ಹೆಚ್ಚಿಸಿರೆಂದು ವೈದ್ಯರು ಹೇಳಿದೊಡನೆ ಮನೆಯಲ್ಲಿ ಒಂದು ವಾದ ಹುಟ್ಟುವುದುಂಟು. ಮಾಂಸವಿಲ್ಲದೆ ಬಲವಿಲ್ಲವೆಂದು ಒಬ್ಬರು. ಮಾಂಸವೇ ರೋಗಮೂಲವೆಂದು ಇನ್ನೊಬ್ಬರು. ಎರಡು ಪಕ್ಷಗಳಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆಯೆಂಬುದು ನಮ್ಮ ಅಭಿಪ್ರಾಯ.

ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ ಸಸಾರಜನಕವಿದ್ದು, ಪಿಷ್ಟವು ಇಲ್ಲವೆನ್ನುವಷ್ಟು ಅಲ್ಪ. ಇದು ದೊಡ್ಡ ಅನುಕೂಲ. ಆದರೆ ಮಾಂಸವೆಲ್ಲವೂ ಒಂದೇ ಬಗೆಯದಲ್ಲ. 20 ದೇಶಗಳ ಸುಮಾರು 19 ಲಕ್ಷ 70 ಸಾವಿರ ಜನರನ್ನು ಕುರಿತು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸವನ್ನು ಹೆಚ್ಚಾಗಿ ತಿನ್ನುವವರಲ್ಲಿ ಮಧುಮೇಹದ ಸಂಭವವು ನೂರಕ್ಕೆ 15ರಷ್ಟೂ, 100 ಗ್ರಾಂ ಕೆಂಪು ಮಾಂಸವನ್ನು ಹೆಚ್ಚಾಗಿ ತಿನ್ನುವವರಲ್ಲಿ ನೂರಕ್ಕೆ 10ರಷ್ಟೂ ಅಧಿಕವಾಗಿ ಕಂಡಿತು. ಇದು ಸಂಬಂಧವನ್ನು ತೋರಿಸುವುದೇ ಹೊರತು ಕಾರಣವನ್ನು ಸಿದ್ಧಪಡಿಸದು. ಆದರೂ ಎಚ್ಚರಿಕೆಗೆ ಸಾಲುವಷ್ಟು ಇದೆ.

ಇನ್ನು ಬೇಳೆಕಾಳುಗಳು. 100 ಗ್ರಾಂ ತೊಗರಿಬೇಳೆಯಲ್ಲಿಯೂ ಅಷ್ಟೇ ತೂಕದ ಹುರುಳಿಯಲ್ಲಿಯೂ ಸುಮಾರು 22 ಗ್ರಾಂ ಸಸಾರಜನಕವಿದೆ. ಕಾಳುಗಳ ನಾರು ಸಕ್ಕರೆಯನ್ನು ರಕ್ತಕ್ಕೆ ಮೆಲ್ಲಮೆಲ್ಲನೆ ಬಿಡುತ್ತದೆ. ಆದರೆ ಬೇಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಪಿಷ್ಟವೇ ಎಂಬುದನ್ನು ಅನೇಕರು ಮರೆಯುತ್ತಾರೆ. 50 ಗ್ರಾಂ ಒಣಕಾಳನ್ನು ಊಟಕ್ಕೆ ಸೇರಿಸಿದರೆ, ಬೇಯಿಸಿದ ಅನ್ನದಲ್ಲಿ ಸುಮಾರು 100 ಗ್ರಾಮನ್ನು ತೆಗೆದಿಡಬೇಕು. ಅನ್ನದ ರಾಶಿ ಹಾಗೆಯೇ ಇದ್ದು, ಮೇಲೆ ಹುಳಿಯನ್ನು ಮಾತ್ರ ಗಟ್ಟಿ ಮಾಡಿದರೆ ಪ್ರಯೋಜನವು ಸ್ವಲ್ಪವೇ.

ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿದವರೂ ಉಂಟು. ಜರ್ಮನಿಯ ಪಾಟ್ಸ್‌ಡಾಮಿನ ಸಂಶೋಧಕರು 37 ಮಂದಿ ಮಧುಮೇಹಿಗಳಿಗೆ ಆರು ವಾರಗಳ ಕಾಲ ಹೆಚ್ಚು ಸಸಾರಜನಕದ ಊಟವನ್ನು, ಕೆಲವರಿಗೆ ಪ್ರಾಣಿಮೂಲದಿಂದಲೂ ಉಳಿದವರಿಗೆ ಸಸ್ಯಮೂಲದಿಂದಲೂ ಕೊಟ್ಟರು. ಯಕೃತ್ತಿನ ಕೊಬ್ಬು ಎರಡು ಗುಂಪುಗಳಲ್ಲಿಯೂ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾಗಿ ಕರಗಿತೆಂದು 2017ರಲ್ಲಿ ತಿಳಿಸಿದರು. 2025ರಲ್ಲಿ ಪ್ರಕಟವಾದ ಭಾರತದ ಸಮೀಕ್ಷೆಯು ನಮಗೆ ಇನ್ನೂ ಹತ್ತಿರದ್ದು. ನಮ್ಮವರ ಆಹಾರಶಕ್ತಿಯಲ್ಲಿ ನೂರಕ್ಕೆ 62 ಭಾಗ ಶರ್ಕರಪಿಷ್ಟದಿಂದಲೇ ಬರುತ್ತದೆ. ಅದರಲ್ಲಿ 5 ಭಾಗವನ್ನು ಬಿಟ್ಟು ಸಸ್ಯಗಳ ಅಥವಾ ಹಾಲುಮೊಸರುಗಳ ಸಸಾರಜನಕವನ್ನು ತೆಗೆದುಕೊಂಡರೆ ಮಧುಮೇಹವೂ ಅದರ ಪೂರ್ವಸ್ಥಿತಿಯೂ ಕಡಮೆಯಾಗಿ ಕಾಣುತ್ತವೆ. ಕೆಂಪು ಮಾಂಸದಲ್ಲಿ ಆ ಲಾಭ ಕಾಣಲಿಲ್ಲ. ಒಟ್ಟು ಪಿಷ್ಟವನ್ನು ತಗ್ಗಿಸದೆ ಅಕ್ಕಿಯ ಸ್ಥಾನದಲ್ಲಿ ಸಿರಿಧಾನ್ಯವನ್ನು ತಂದವರಿಗೂ ಲಾಭ ಕಾಣಲಿಲ್ಲ. ರಾಗಿಮುದ್ದೆ ಒಳ್ಳೆಯದೇ, ಆದರೆ ಎರಡು ಮುದ್ದೆ ಒಂದಾಗಬೇಕು.

ಆದುದರಿಂದ ಮಾಂಸಾಹಾರಿಗಳು ಮೀನು, ಮೊಟ್ಟೆಗಳನ್ನು ಮುಂದಿಟ್ಟು ಕುರಿಮಾಂಸವನ್ನು ಅಪರೂಪ ಮಾಡಲಿ. ಸಸ್ಯಾಹಾರಿಗಳು ಉಸಲಿ, ಕೋಸಂಬರಿ, ಮೊಸರುಗಳನ್ನು ಹೆಚ್ಚಿಸಲಿ. ಯಾರೂ ತಮ್ಮ ಮನೆಯ ಆಚಾರವನ್ನು ಬಿಡಬೇಕಾದ ಅಗತ್ಯವಿಲ್ಲ. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಸಸಾರಜನಕವನ್ನು ಹೆಚ್ಚಿಸಬಾರದು.

ಕೊನೆಗೆ ನಮ್ಮ ಸೋದರಿಯರಿಗೆ ಒಂದು ಮಾತು. ಬಸ್ಸಾರು ಮಾಡಿದ ದಿನ ಬಸಿದ ಕಟ್ಟು ಸಾರಾಗುತ್ತದೆ, ಕಾಳು ಪಲ್ಯವಾಗುತ್ತದೆ. ಬಲವೆಲ್ಲ ಹೆಚ್ಚಾಗಿ ಕಾಳಿನಲ್ಲಿಯೇ ಉಳಿಯುತ್ತದೆ. ಎಲ್ಲರಿಗೂ ಬಡಿಸಿ ಕಡೆಯಲ್ಲಿ ಕುಳಿತುಕೊಳ್ಳುವ ಗೃಹಿಣಿಯ ತಟ್ಟೆಗೆ ಬರುವುದು ಅನ್ನ ಮತ್ತು ತಿಳಿಸಾರು. ಪಲ್ಯದ ಪಾತ್ರೆ ಆಗಲೇ ಬರಿದಾಗಿರುತ್ತದೆ. ಬಸುರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರಿಗೆ ಮುಂದೆ ಮಧುಮೇಹದ ಭಯ ಇತರರಿಗಿಂತ ಹೆಚ್ಚು. ಅವರ ತಟ್ಟೆಯೇ ಹೀಗಾದರೆ ಗತಿಯೇನು? ಯಜಮಾನರ ಪಥ್ಯಕ್ಕಾಗಿ ಇಷ್ಟು ಶ್ರಮಿಸುವ ಕೈ, ಬಡಿಸುವ ಮೊದಲೇ ತನ್ನ ಪಾಲಿನ ಒಂದು ಸೌಟು ಕಾಳನ್ನು ತೆಗೆದಿಡಲಿ. ಅವರು ಮರೆತರೆ ಮನೆಯವರೇ ನೆನಪಿಟ್ಟು ತೆಗೆದಿಡಲಿ.