ಎಣಿಕೆಗೂ ಮೊದಲಿನ ಕೆಲಸ

ಹಿಗ್ಸ್ ಕಣದ ಸುದ್ದಿಯನ್ನು 2012ರ ಜುಲೈ 4ರಂದು ಸರ್ನ್ ಪ್ರಯೋಗಾಲಯ ಸಾರಿದಾಗ, ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲಿ ತಯಾರಾದ ಸಿಲಿಕಾನ್ ಸಂವೇದಕಗಳೂ ಅಲ್ಲಿನ ಸಿಎಂಎಸ್ ಪ್ರಯೋಗದೊಳಗೆ ಕೆಲಸ ಮಾಡುತ್ತಿದ್ದವು. ದೂಧಗಂಗಾ ವೇದಗಂಗಾ ಕೂಡುವ ನಮ್ಮ ಭೋಜದ ಕಡೆ ಇದನ್ನು ಕೇಳಿದವರು ಕಡಿಮೆ. ಬೆಂಗಳೂರಿನಲ್ಲಿಯೂ ಬಹಳ ಜನ ಇರಲಾರರು. ಕಣ ಸಿಕ್ಕ ದಿನಕ್ಕೆ ಹಾರ ತುರಾಯಿ ಉಂಟು, ಅದನ್ನು ಹಿಡಿಯುವ ಯಂತ್ರವನ್ನು ಪರೀಕ್ಷಿಸಿದ ವರ್ಷಗಳಿಗೆ ಇಲ್ಲ. ಕರ್ನಾಟಕದ ಪಾಲು ಹೆಚ್ಚಾಗಿ ಆ ವರ್ಷಗಳಲ್ಲಿಯೇ ಇದೆ.

ಕಣಭೌತದ ಕ್ಯಾಲರಿಮೀಟರ್ ಎಂದರೆ ನುಗ್ಗಿ ಬರುವ ಕಣವನ್ನು ಸೀಸ, ಕಬ್ಬಿಣ, ಹರಳುಗಳಂಥ ದಟ್ಟ ವಸ್ತುವಿನಲ್ಲಿ ತಡೆದು, ಅದು ಸಿಡಿದು ಹುಟ್ಟಿಸುವ ಕಣಗಳ ಮಳೆಯಿಂದ ಮೂಲ ಕಣದ ಶಕ್ತಿಯನ್ನು ಲೆಕ್ಕಹಾಕುವ ಸಾಧನ. ನಮ್ಮ ನೆಲದಲ್ಲಿ ಇದರ ಕಥೆ ಶುರುವಾದದ್ದು ಕೋಲಾರದ ಚಿನ್ನದ ಗಣಿಯಲ್ಲಿ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1951ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗಾಗಿ ಅಲ್ಲಿ, ಆಕಾಶದಿಂದ ಬೀಳುವ ಕಣಗಳಾದ ಮ್ಯೂಯಾನ್‌ಗಳನ್ನು ಅಳೆಯತೊಡಗಿದರು. ಅರವತ್ತರ ದಶಕದ ಆರಂಭದಲ್ಲಿ ಸುಮಾರು 2.76 ಕಿ.ಮೀ. ಆಳದಲ್ಲಿ ಎರಡು ತಿಂಗಳು ಸಾಧನ ಇಟ್ಟು ಕಾದರೂ ಒಂದೇ ಒಂದು ಮ್ಯೂಯಾನ್ ದಾಖಲಾಗಲಿಲ್ಲ. ಆ ಸೊನ್ನೆಯನ್ನು ನಾನು ಅಲ್ಲಿನ ಅತಿ ದೊಡ್ಡ ಫಲಿತಾಂಶಗಳ ಸಾಲಿಗೆ ಸೇರಿಸುತ್ತೇನೆ. ಗದ್ದಲ ಇಷ್ಟು ಕಡಿಮೆಯಿದ್ದರೆ ಇಲ್ಲಿ ನ್ಯೂಟ್ರಿನೊ ಹುಡುಕಬಹುದು ಎಂಬ ಧೈರ್ಯ ಬಂದದ್ದು ಅದರಿಂದ. 1965ರಲ್ಲಿ ಒಸಾಕಾ ಮತ್ತು ಡರ್ಹಮ್‌ನವರ ಜೊತೆ ಸೇರಿ ವಾಯುಮಂಡಲದ ನ್ಯೂಟ್ರಿನೊ ಗುರುತು ಹಿಡಿದೇಬಿಟ್ಟರು.

1980ರಲ್ಲಿ ಅದೇ ಗಣಿಯಲ್ಲಿ, 2.3 ಕಿ.ಮೀ. ಆಳದಲ್ಲಿ, ಸುಮಾರು 140 ಟನ್ ತೂಕದ ಯಂತ್ರ ನಿಂತಿತು. ಕಬ್ಬಿಣದ ತಗಡು, ನಡುವೆ ಅನಿಲ ತುಂಬಿದ ಎಣಿಕೆ ನಳಿಗೆಗಳ 34 ಪದರು. ಪ್ರೋಟಾನ್ ಕೊನೆಗೊಮ್ಮೆ ಒಡೆಯುತ್ತದೆಯೇ ಎಂಬ ಪ್ರಶ್ನೆಗಾಗಿ ಕಟ್ಟಿದ, ಹಾದಿಯನ್ನೂ ಶಕ್ತಿಯನ್ನೂ ತೋರುವ ಕ್ಯಾಲರಿಮೀಟರ್ ಅದು. ಒಡೆದಂತೆ ಕಂಡ ಕೆಲವು ಘಟನೆಗಳನ್ನು ವಿಜ್ಞಾನಿಗಳು ಮುಂದಿಟ್ಟರು. ಜಪಾನ್, ಅಮೆರಿಕದ ದೊಡ್ಡ ಯಂತ್ರಗಳು ಅದನ್ನು ಒಪ್ಪಲಿಲ್ಲ. ಅದು ಸೋಲಲ್ಲ. ಅಷ್ಟು ಆಳದಲ್ಲಿ, ಬಿಸಿ ಗಾಳಿಯಲ್ಲಿ ಸಾವಿರಾರು ನಳಿಗೆಗಳನ್ನು ವರ್ಷಗಟ್ಟಲೆ ನಂಬಿಕೆಗೆ ಅರ್ಹವಾಗಿ ನಡೆಸಿದ್ದೇ ದೊಡ್ಡದು. ಕಳೆದುಕೊಂಡದ್ದು ಬೇರೆ: 2001ರಲ್ಲಿ ಗಣಿ ಮುಚ್ಚಿತು, ನೀರು ತುಂಬಿತು, ಆ ಕೈಚಳಕಕ್ಕೆ ಕರ್ನಾಟಕದಲ್ಲಿ ಮತ್ತೊಂದು ಮನೆ ಸಿಗಲಿಲ್ಲ.

ಬಿಇಎಲ್‌ನ ಕಥೆ ಇದಕ್ಕಿಂತ ಗಟ್ಟಿ. ಸಿಎಂಎಸ್ ಕ್ಯಾಲರಿಮೀಟರಿನ ಮುಂದೆ ‘ಪ್ರಿಶವರ್’ ಎಂಬ ತೆಳು ಭಾಗವಿದೆ. ಬಂದದ್ದು ಒಂಟಿ ಫೋಟಾನೋ, ಪಯಾನ್ ಒಡೆದು ಹುಟ್ಟಿದ ಜೋಡಿಯೋ ಎಂದು ಬೇರ್ಪಡಿಸುವುದು ಅದರ ಕೆಲಸ. ಅದಕ್ಕೆ 4,288 ಸಿಲಿಕಾನ್ ಸಂವೇದಕಗಳು ಬೇಕಿದ್ದವು. ಭಾಭಾ ಅಣು ಸಂಶೋಧನಾ ಕೇಂದ್ರದ ವಿನ್ಯಾಸದಂತೆ ಸುಮಾರು ಸಾವಿರವನ್ನು 4 ಇಂಚಿನ ಸಿಲಿಕಾನ್ ಬಿಲ್ಲೆಗಳಲ್ಲಿ, ಅಂದರೆ ವೇಫರ್‌ಗಳಲ್ಲಿ, ಬಿಇಎಲ್ ಮಾಡಿತು. ಒಂದೊಂದರ ಮೇಲೂ 32 ಪಟ್ಟಿಗಳು. ವೋಲ್ಟೇಜ್ ಏರಿಸುತ್ತಾ ಹೋದಂತೆ ಯಾವ ಪಟ್ಟಿ ಎಷ್ಟು ಸೋರುತ್ತದೆ, ಎಲ್ಲಿ ಕುಸಿಯುತ್ತದೆ, ಧಾರಕತೆ ಎಲ್ಲಿಗೆ ನಿಲ್ಲುತ್ತದೆ ಎಂದು ನಿಪ್ಪಾಣಿಯ ವಖಾರಿಯಲ್ಲಿ ಜರದಿಯ ದರ್ಜೆ ಬಿಡಿಸುವ ಹಾಗೆ ಬಿಡಿಸಿ ನೋಡಬೇಕು. ಒಮ್ಮೆ ಯಂತ್ರದೊಳಗೆ ಹೋದದ್ದು ಮತ್ತೆ ಕೈಗೆ ಸಿಗದು. ವಿಕಿರಣದ ಹೊಡೆತಕ್ಕೆ ಸೋರಿಕೆ ವರ್ಷ ವರ್ಷವೂ ಏರುತ್ತದೆ. ಬೆಂಚಿನ ಮೇಲೆ ಬಿಟ್ಟ ಸಣ್ಣ ಸಂಶಯವೂ ಯಂತ್ರದೊಳಗೆ ದೊಡ್ಡದಾಗುತ್ತದೆ.

ಇಲ್ಲಿ ಕಲಿತದ್ದು ಉಳಿಯಿತು. ಸರ್ನ್‌ನದೇ ಆದ ಆಲಿಸ್ ಪ್ರಯೋಗದ ಫೋಕಾಲ್ ಕ್ಯಾಲರಿಮೀಟರಿಗಾಗಿ ಬಿಇಎಲ್ 6 ಇಂಚಿನ ವೇಫರ್‌ನಲ್ಲಿ 8×9 ಚೌಕಗಳ ಸಂವೇದಕ ಮಾಡಿತು. ಅದು ಸರ್ನ್‌ನ ಕಣಕಿರಣದ ಪರೀಕ್ಷೆಗೂ ಹೋಯಿತು. ಆದರೆ ಹಿರಿಹಿರಿ ಹಿಗ್ಗಲು ಕಾರಣ ಸಾಲದು. ಸಿಎಂಎಸ್ ಈಗ ಪ್ರಿಶವರ್ ಸಮೇತ ತುದಿಯ ಕ್ಯಾಲರಿಮೀಟರುಗಳನ್ನೇ ಕಿತ್ತು, ಸುಮಾರು 600 ಚದರ ಮೀಟರ್ ಸಿಲಿಕಾನಿನ ಹೊಸದನ್ನು ಕೂಡಿಸುತ್ತಿದೆ. ಅದರ ಸಂವೇದಕಗಳು 8 ಇಂಚಿನ ವೇಫರ್‌ಗಳವು, ಜಪಾನಿನ ಹಮಾಮತ್ಸು ಕಂಪನಿಯವು. ಮುಂಬಯಿಯ ಟಾಟಾ ಸಂಸ್ಥೆಗೆ ಜೋಡಣೆಯ ಕೆಲಸವಿದೆ. ಸಂವೇದಕವನ್ನೇ ಮಾಡಿದ ಊರಿಗೆ ಈ ಸಲ ಆ ಪಾಲಿಲ್ಲ. ಮೊದಲ ಸಲ ನಂಬಿಕೆ ಗಳಿಸಿ, ಮುಂದಿನ ಸಲಕ್ಕೆ ಬೇಕಾದ ದೊಡ್ಡ ಯಂತ್ರಸಾಲಿಗೆ ಸಕಾಲದಲ್ಲಿ ಹಣ ಹೂಡದಿದ್ದರೆ ಆಗುವುದೇ ಇದು.

ಚಿಕ್ಕೋಡಿ, ಅಥಣಿ, ರಾಯಬಾಗದ ಕಾಲೇಜುಗಳು ಇದರಲ್ಲಿ ತಮಗೇನು ಎಂದು ಕೇಳಬಹುದು. ಕ್ಯಾಲರಿಮೀಟರ್ ಬಿಡಿಭಾಗಗಳ ಮೊದಲ ಪರೀಕ್ಷೆಗೆ ಸರ್ನ್‌ನಲ್ಲೂ ಬಳಸುವುದು ಆಕಾಶದಿಂದ ಪುಕ್ಕಟೆ ಬರುವ ಮ್ಯೂಯಾನ್‌ಗಳನ್ನು. ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಅವು ಭೋಜದ ಮೇಲೂ ಬೀಳುತ್ತವೆ. ಕಣ ಹಾದಾಗ ಮಿಂಚುವ ಎರಡು ಸಿಂಟಿಲೇಟರ್ ಹಲಗೆ, ಎರಡು ಸಿಲಿಕಾನ್ ಬೆಳಕುಗ್ರಾಹಕ, ಎರಡೂ ಒಟ್ಟಿಗೆ ಮಿಂಚಿದಾಗ ಮಾತ್ರ ಎಣಿಸುವ ಒಂದು ವಿದ್ಯುನ್ಮಂಡಲ: ಬಿಎಸ್ಸಿ ಪ್ರಯೋಗಾಲಯದಲ್ಲಿ ಇಷ್ಟನ್ನು ಕೂಡಿಸುವುದು ಅಸಾಧ್ಯವಲ್ಲ.