ದನಿ ತಗ್ಗಿಸಿದರೆ ಸಂಗೀತ ಸೊರಗಬೇಕೆ?

ಮಹಾನಗರದಲ್ಲಿ ಬಾಳುವ ಕನ್ನಡಿಗನಿಗೆ ಗಟ್ಟಿಯಾಗಿ ಹಾಡು ಹಾಕಿ ಕೇಳುವ ಭಾಗ್ಯವಿಲ್ಲ. ಒಂದು ಗೋಡೆಯ ಆಚೆ ಗುಜರಾತಿ ಸಂಸಾರ, ಇನ್ನೊಂದರ ಆಚೆ ಬಂಗಾಳಿ ಸಂಸಾರ. ಒಳಗೆ ನೋಡಿದರೆ ಪರೀಕ್ಷೆಗೆ ಓದುವ ಮಗಳು, ರಾತ್ರಿಪಾಳಿ ಮುಗಿಸಿ ಮಲಗಿದ ತಮ್ಮ. ಆದುದರಿಂದ ನಾವು ಸಂಗೀತ ಕೇಳುವುದು ಬಹುಮಟ್ಟಿಗೆ ರಾತ್ರಿ ಊಟವಾದ ಮೇಲೆ, ದನಿ ತಗ್ಗಿಸಿ. ಇದರ ಬಗ್ಗೆ ನಮ್ಮ ದೂರೇನೂ ಇಲ್ಲ. ನೆರೆಯವರ ನಿದ್ದೆಗೆ ಬೆಲೆ ಕೊಡುವುದು ಸಂಸ್ಕಾರ. 2000ದ ಶಬ್ದಮಾಲಿನ್ಯ ನಿಯಮಗಳೂ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ 45 ಡೆಸಿಬೆಲ್ ಎಂದು ಮಿತಿ ಹಾಕಿವೆ.

ನಮ್ಮ ದೂರು ಬೇರೆ. ದನಿ ತಗ್ಗಿಸಿದೊಡನೆ ಸಂಗೀತದ ಗಾತ್ರವಷ್ಟೇ ಅಲ್ಲ, ಅದರ ಸ್ವರೂಪವೇ ಕೆಡುತ್ತದೆ. ಮೃದಂಗದ ಎಡಮುಖ ಮಾಯವಾಗಿ ಬಲಮುಖದ ಟಕಟಕ ಮಾತ್ರ ಉಳಿಯುತ್ತದೆ. ತಬಲಾದ ಜೊತೆಯ ಡಗ್ಗಾ ಎಲ್ಲಿಗೋ ಹೊರಟುಹೋಗುತ್ತದೆ. ಯಕ್ಷಗಾನದ ಪ್ರಸಂಗ ಹಾಕಿದರೆ ಚೆಂಡೆ ಕೇಳುತ್ತದೆ, ಮದ್ದಳೆಯ ಗುಂಕಾರವಿಲ್ಲ. ಮಲ್ಲಿಕಾರ್ಜುನ ಮನ್ಸೂರರ ದನಿಯಾಗಲಿ ಗಂಗೂಬಾಯಿ ಹಾನಗಲ್ಲರ ದನಿಯಾಗಲಿ ತಗಡಿನ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಇದು ಹಾಡಿದವರ ತಪ್ಪಲ್ಲ, ಮುದ್ರಿಸಿದವರ ತಪ್ಪೂ ಅಲ್ಲ. ಇದಕ್ಕೆ ಪರಿಹಾರ ಗೊತ್ತಿದ್ದೂ ನಮ್ಮ ಮನೆಗೆ ಅದನ್ನು ಕೊಡದವರ ತಪ್ಪು ಎಂಬುದೇ ಈ ಲೇಖನದ ವಾದ.

ಕಾರಣ ನಮ್ಮ ಕಿವಿಯಲ್ಲಿದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದರು. 1956ರಲ್ಲಿ ರಾಬಿನ್ಸನ್ ಮತ್ತು ಡ್ಯಾಡ್ಸನ್ ಮತ್ತೆ ಅಳೆದರು. ಇಂದು ಅದು ಐಎಸ್‌ಒ 226 ಎಂಬ ಅಂತರರಾಷ್ಟ್ರೀಯ ಮಾನಕ. 2023ರಲ್ಲಿ ಅದರ ಪರಿಷ್ಕರಣೆಯೂ ಆಗಿದೆ. ಸಾರಾಂಶ ಇಷ್ಟೆ: ಸದ್ದು ಕಡಿಮೆಯಾದಂತೆ ನಮ್ಮ ಕಿವಿ ತಗ್ಗು ಸ್ವರಗಳಿಗೆ ಹೆಚ್ಚು ಹೆಚ್ಚು ಮಂದವಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 1000 ಕಂಪನದ ಸ್ವರವೊಂದು 80 ಡೆಸಿಬೆಲ್‌ನಲ್ಲಿ ಕೇಳುತ್ತಿದೆ ಎನ್ನಿ. 100 ಕಂಪನದ ತಗ್ಗು ಸ್ವರ ಅಷ್ಟೇ ಗಟ್ಟಿಯಾಗಿ ಕೇಳಬೇಕಾದರೆ ಅದು ಸುಮಾರು 92 ಡೆಸಿಬೆಲ್ ಇರಬೇಕು. ಈಗ ರಾತ್ರಿಯಾಯಿತೆಂದು ಗುಂಡಿ ತಿರುಗಿಸಿ 40 ಡೆಸಿಬೆಲ್ ಇಳಿಸಿದೆವು. ಮೊದಲನೆಯದು 40ಕ್ಕೆ ಬಂತು, ಎರಡನೆಯದು 52ಕ್ಕೆ. ಆದರೆ ಆ ಮಟ್ಟದಲ್ಲಿ ಎರಡೂ ಸಮವಾಗಿ ಕೇಳಲು ತಗ್ಗು ಸ್ವರಕ್ಕೆ ಬೇಕಾದದ್ದು ಸುಮಾರು 64. ಅಂದರೆ 12 ಡೆಸಿಬೆಲ್ ಖೋತಾ! ಗುಂಡಿ ಎಲ್ಲ ಸ್ವರಗಳಿಂದಲೂ ಸಮನಾಗಿ ಕಡಿತ ಮಾಡಿತು. ಕಿವಿ ಮಾತ್ರ ತಗ್ಗು ಸ್ವರದ ಮೇಲೆ ಇನ್ನೊಂದು ಕಡಿತ ಹಾಕಿತು. ಆ ಖೋತಾವನ್ನು ತುಂಬಿಕೊಡುವ ಏರ್ಪಾಡಿಗೇ ಲೌಡ್‌ನೆಸ್ ಕಾಂಪೆನ್ಸೇಷನ್ ಎಂದು ಹೆಸರು. ನಮ್ಮ ನೌಕರರ ಭಾಷೆಯಲ್ಲಿ ಹೇಳಬೇಕಾದರೆ, ಇದು ಕಿವಿಗೆ ಸಲ್ಲಬೇಕಾದ ತುಟ್ಟಿಭತ್ಯೆ.

ಇದೇನೂ ಕಂಡುಕೇಳದ ವಿಷಯವಲ್ಲ. 1970–80ರ ದಶಕಗಳ ಅನೇಕ ಆಂಪ್ಲಿಫೈಯರುಗಳ ಮುಖದ ಮೇಲೆ ‘ಲೌಡ್‌ನೆಸ್’ ಎಂಬ ಗುಂಡಿ ಇರುತ್ತಿತ್ತು. ಅದನ್ನು ಒತ್ತಿ ದನಿ ತಗ್ಗಿಸಿದರೆ ತಗ್ಗು ಸ್ವರಗಳು ಅಷ್ಟಾಗಿ ಇಳಿಯುತ್ತಿರಲಿಲ್ಲ. ಇಂದು ಮನೆಮನೆಗೂ ವೈಫೈ ಬಂದಿದೆ. ಫೋನಿನಿಂದ ಸ್ಪೀಕರಿಗೆ, ಒಂದು ಕೋಣೆಯಿಂದ ಇನ್ನೊಂದಕ್ಕೆ ಹಾಡು ಹರಿಸುವ ಸಲಕರಣೆಗಳು ಬಂದಿವೆ. ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ನಿಂದ ಆಕಾಶವಾಣಿಯ ಕನ್ನಡ ಕಾರ್ಯಕ್ರಮಗಳು ಊರು ಬಿಟ್ಟ ನಮಗೂ ದಕ್ಕುತ್ತಿವೆ. ಇಷ್ಟೆಲ್ಲ ಬಂತು, ಆ ಒಂದು ಗುಂಡಿ ಮಾತ್ರ ಬಹುಪಾಲು ಪೆಟ್ಟಿಗೆಗಳಿಂದ ಹೊರಟುಹೋಯಿತು. ಇದನ್ನು ಪ್ರಗತಿಯೆನ್ನೋಣವೆ?

ಇನ್ನೂ ಸೋಜಿಗದ ಸಂಗತಿ ಕೇಳಿ. ಮನೆಯ ಜಾಲದಲ್ಲಿ ಹಾಡು ನುಡಿಸುವ ಸಲಕರಣೆಗಳು ಪರಸ್ಪರ ಮಾತಾಡಿಕೊಳ್ಳಲು ‘ಯುಪಿಎನ್‌ಪಿ’ ಎಂಬ ಒಡಂಬಡಿಕೆ ಇದೆ. 2002ರಲ್ಲಿ ಪ್ರಕಟವಾದ ಅದರ ನಿಯಮಾವಳಿಯಲ್ಲಿ ‘ವಾಲ್ಯೂಮ್’ ಎಂಬ ಬಾಬಿನೊಡನೆ ‘ಲೌಡ್‌ನೆಸ್’ ಎಂಬ ಬಾಬೂ ಇದೆ. ಆದರೆ ಅದು ಐಚ್ಛಿಕ. ಐಚ್ಛಿಕವೆಂದರೆ ಏನಾಗುತ್ತದೆ ಎಂಬುದು ಸರಕಾರಿ ಕಚೇರಿಯಲ್ಲಿ ಕಡತ ಹೊರುವ ನಮಗೆ ಚೆನ್ನಾಗಿ ಗೊತ್ತು. ನಮೂನೆಯಲ್ಲಿ ಅಂಕಣವಿದೆ, ತುಂಬುವವರಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆ ಅಂಕಣದಲ್ಲಿ ಹೆಚ್ಚಿನ ತಯಾರಕರು ಎಳೆದಿರುವುದು ಅಡ್ಡಗೀಟು.

ತಯಾರಕರನ್ನು ಕೇಳಿದರೆ ಎರಡು ಉತ್ತರ ಬರುತ್ತವೆ. ಸಂಗೀತದ ಶುದ್ಧಿಯನ್ನು ಕಾಯುತ್ತೇವೆನ್ನುವ ಮಡಿವಂತ ರಸಿಕರು ಮೂರನೆಯದನ್ನು ಸೇರಿಸುತ್ತಾರೆ. ಒಂದೊಂದಾಗಿ ನೋಡೋಣ.

ಮೊದಲನೆಯದು, ಹಳೆಯ ಲೌಡ್‌ನೆಸ್ ಗುಂಡಿ ಒರಟಾಗಿತ್ತು, ಅದನ್ನು ಒತ್ತಿದರೆ ಬರೇ ಗುಂಯ್‌ಗುಟ್ಟುತ್ತಿತ್ತು ಎಂಬುದು. ಈ ಮಾತು ನಿಜ. ಆ ಗುಂಡಿಗೆ ದನಿಯ ಕೀಲಿ ಎಷ್ಟು ತಿರುಗಿದೆ ಎಂಬುದು ಗೊತ್ತಿತ್ತೇ ಹೊರತು ಕೋಣೆಯಲ್ಲಿ ನಿಜವಾಗಿ ಎಷ್ಟು ಸದ್ದಾಗುತ್ತಿದೆ ಎಂಬುದು ಗೊತ್ತಿರಲಿಲ್ಲ. ಸ್ಪೀಕರು ಯಾವುದೋ, ಮುದ್ರಿಕೆ ಎಷ್ಟು ಗಟ್ಟಿಯೋ, ಅದು ಅರಿಯದು. ಆದರೆ ಇಂದು ಆಂಪ್ಲಿಫೈಯರು ಮತ್ತು ಸ್ಪೀಕರು ಒಂದೇ ಪೆಟ್ಟಿಗೆಯಲ್ಲಿವೆ; ತನ್ನ ಸ್ಪೀಕರಿನ ಶಕ್ತಿ ತಯಾರಕನಿಗೆ ತಿಳಿದೇ ಇದೆ. ಮುದ್ರಿಕೆಯ ಗಟ್ಟಿತನ ಅಳೆಯಲು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲೇ ಬಿಎಸ್ 1770 ಎಂಬ ಕ್ರಮವನ್ನು ಕೊಟ್ಟಿದೆ. ಆ ಅಳತೆಯ ಮೇಲೆಯೇ ಸ್ಪಾಟಿಫೈ ಸಾಮಾನ್ಯವಾಗಿ ತನ್ನ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ ಎಂಬ ಒಂದೇ ಮಟ್ಟಕ್ಕೆ ತಂದು ಬಡಿಸುತ್ತದೆ. ಮುದ್ರಿಕೆಯ ಮಟ್ಟ ಗೊತ್ತು, ಸ್ಪೀಕರಿನ ಶಕ್ತಿ ಗೊತ್ತು, ಕೀಲಿ ಎಲ್ಲಿದೆ ಎಂಬುದೂ ಗೊತ್ತು. ಹಳೆಯ ಗುಂಡಿ ಕುರುಡಾಗಿತ್ತು ಎಂಬ ಕಾರಣಕ್ಕೆ ಕಣ್ಣು ಬಂದ ಮೇಲೂ ಅದನ್ನು ಮನೆಯೊಳಗೆ ಸೇರಿಸೆವು ಎನ್ನುವುದು ಯಾವ ನ್ಯಾಯ?

ಎರಡನೆಯದು, ತಗ್ಗು ಸ್ವರ ಏರಿಸಿದರೆ ಚಿಕ್ಕ ಸ್ಪೀಕರು ತಾಳಲಾರದು ಎಂಬುದು. ಪೂರ್ಣ ದನಿಯಲ್ಲಿ ಏರಿಸಿದರೆ ತಾಳಲಾರದು, ನಿಜ. ಆದರೆ ನಾವು ಕೇಳುತ್ತಿರುವುದು ದನಿ ತಗ್ಗಿಸಿದಾಗಿನ ಮಾತು. 40 ಡೆಸಿಬೆಲ್ ಇಳಿಸಿದರೆ ಸ್ಪೀಕರಿಗೆ ಹೋಗುವ ಶಕ್ತಿ ಹತ್ತು ಸಾವಿರದಲ್ಲೊಂದು ಪಾಲಾಗುತ್ತದೆ. ಅದರ ಮೇಲೆ ತಗ್ಗು ಸ್ವರಕ್ಕೆ 12 ಡೆಸಿಬೆಲ್, ಅಂದರೆ ಸುಮಾರು ಹದಿನಾರು ಪಟ್ಟು, ಸೇರಿಸಿದರೂ ಮೂಲ ಶಕ್ತಿಯ ಆರುನೂರರಲ್ಲೊಂದು ಪಾಲನ್ನೂ ಮುಟ್ಟುವುದಿಲ್ಲ. ಬಿ.ಎಸ್ಸಿ. ಓದಿದ ಯಾವ ಹುಡುಗನೂ ಮಾಡಬಲ್ಲ ಲೆಕ್ಕ ಇದು.

ಮೂರನೆಯದು ಮಡಿವಂತರದು: ಮೂಲ ಮುದ್ರಿಕೆಯನ್ನು ಒಂದು ಕೂದಲೆಳೆಯಷ್ಟೂ ಮುಟ್ಟಬಾರದು, ಮುಟ್ಟಿದರೆ ಕಲಬೆರಕೆ ಎಂಬುದು. ಸ್ವಾಮೀ, ಸ್ಟುಡಿಯೋದಲ್ಲಿ ಕುಳಿತವರು ಮುದ್ರಿಕೆಯನ್ನು ಹದ ಮಾಡಿದ್ದು ಮಧ್ಯರಾತ್ರಿಯ ಪಿಸುದನಿಯಲ್ಲಿ ಕೇಳಿ ಅಲ್ಲ. ಅವರು ಕೇಳಿದ ಮಟ್ಟದಲ್ಲಿ ಕೇಳಿದರೆ ಮುಟ್ಟುವುದು ಬೇಡ, ಒಪ್ಪೋಣ. ಅದಕ್ಕಿಂತ ಬಹಳ ಕೆಳಗೆ ಇಳಿದಾಗ ಕಲಬೆರಕೆ ಮಾಡುತ್ತಿರುವುದು ನಮ್ಮ ಕಿವಿಯೇ. ಆ ಕಲಬೆರಕೆಯನ್ನು ನಿವಾರಿಸಿದರೆ ಶುದ್ಧಿ ಕೆಡುವುದೋ, ಉಳಿಯುವುದೋ? ಊರ ಹೊರಗೆ ಬಂಗಲೆ ಇರುವವರು ಈ ಮಡಿಯನ್ನು ಆಚರಿಸಿಕೊಳ್ಳಲಿ. ಚಾಳಿನಲ್ಲಿ, ಸರಕಾರಿ ವಸತಿಗೃಹದಲ್ಲಿ ಇರುವವರ ಮೇಲೆ ಅದನ್ನು ಹೇರುವುದು ಬೇಡ.

ಮಾಡಲಾಗದ ಕೆಲಸ ಇದಲ್ಲ ಎಂಬುದಕ್ಕೆ ಸಾಕ್ಷಿ ಪೇಟೆಯಲ್ಲೇ ಇದೆ. ಸೋನೋಸ್ ಸ್ಪೀಕರುಗಳ ಆ್ಯಪಿನಲ್ಲಿ ಲೌಡ್‌ನೆಸ್ ಎಂಬ ಆಯ್ಕೆ ಇದೆ. ಡೆನಾನ್, ಮರಾಂಟ್ಸ್ ಕಂಪನಿಗಳ ಹಲವು ರಿಸೀವರುಗಳಲ್ಲಿ ಆಡಿಸಿಯವರ ಡೈನಾಮಿಕ್ ಇಕ್ಯೂ ಇದೇ ಕೆಲಸ ಮಾಡುತ್ತದೆ. ಆದರೆ ಇವು ಗುಮಾಸ್ತನ ಸಂಬಳಕ್ಕೆ ಎಟಕುವ ವಸ್ತುಗಳಲ್ಲ. ಚಿಪ್ಪಿನೊಳಗೆ ನಾಲ್ಕು ಸಾಲಿನ ಗಣಿತ ಸೇರಿಸಿದರೆ ಆಗುವ ಉಪಕಾರವನ್ನು ಶ್ರೀಮಂತರ ಸವಲತ್ತಾಗಿ ಇಟ್ಟುಕೊಂಡಿರುವುದೇ ನಮ್ಮ ಆಕ್ಷೇಪ.

ದನಿಯ ಕೀಲಿಯ ಕಥೆಯೂ ಅಷ್ಟೆ. ಹಿಂದಿನ ರೇಡಿಯೋದ ಗುಂಡಿ ಬೆರಳ ತುದಿಯಲ್ಲಿ ನವಿರಾಗಿ ತಿರುಗುತ್ತಿತ್ತು. ಇಂದಿನ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಹಾಡಿನ ದನಿಗೆ ಇರುವುದು ಹದಿನೈದೇ ಮೆಟ್ಟಿಲು. ಎರಡನೆಯದರಲ್ಲಿ ನಮಗೇ ಕೇಳದು, ಮೂರನೆಯದರಲ್ಲಿ ಪಕ್ಕದ ಮನೆಗೂ ಕೇಳುತ್ತದೆ. ಇದರ ಮೇಲೆ ಆ್ಯಪಿಗೊಂದು ಕೀಲಿ, ಸ್ಪೀಕರಿಗೊಂದು ಕೀಲಿ. ಎಲ್ಲಿ ಇಳಿಸಿದೆವು, ಎಲ್ಲಿ ಏರಿಸಿದೆವು ಎಂದು ಮನೆಯ ಹಿರಿಯರು ಕಂಗಾಲಾಗುತ್ತಾರೆ. ನಡುವೆ ಜಾಹೀರಾತು ಅಬ್ಬರಿಸಿದರಂತೂ ಮುಗಿಯಿತು. ಕೇಬಲ್ ಟಿ.ವಿ.ಯ 1994ರ ನಿಯಮಗಳಲ್ಲಿ ಜಾಹೀರಾತು ಅತಿಯಾಗಿ ಅಬ್ಬರಿಸಬಾರದೆಂಬ ಮಾತಾದರೂ ಇದೆ. ಅಂತರ್ಜಾಲದ ಹಾಡಿನ ಸೇವೆಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಅಂತರ್ಜಾಲದ ವಿಡಿಯೋ ಸೇವೆಗಳ ಜಾಹೀರಾತಿನ ಅಬ್ಬರಕ್ಕೆ 2025ರಲ್ಲಿ ಕಾನೂನು ಮಾಡಿತು. ನಮ್ಮಲ್ಲಿಯೂ ಏಕಾಗಬಾರದು?

ಇದೆಲ್ಲ ಹವ್ಯಾಸಿಗಳ ಗೊಣಗಾಟವೆಂದು ತಳ್ಳಿಹಾಕುವವರು ಒಂದು ಮಾತನ್ನು ಯೋಚಿಸಬೇಕು. ಊರಲ್ಲಿ ಬೆಳೆದ ಮಗು ಮದ್ದಳೆಯನ್ನು ಬಯಲಾಟದ ರಂಗಸ್ಥಳದೆದುರು ಕುಳಿತು ಎದೆಯಲ್ಲಿ ಕೇಳುತ್ತದೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಆ ಭಾಗ್ಯ ವರ್ಷಕ್ಕೊಂದು ಸಲ, ರಜೆಯಲ್ಲಿ. ಮಿಕ್ಕ ದಿನಗಳಲ್ಲಿ ನಮ್ಮ ನಾಡಿನ ನಾದವೆಂದರೆ ಅವರಿಗೆ ಕಪಾಟಿನ ಮೇಲಿನ ಆ ಪೆಟ್ಟಿಗೆ ತಗ್ಗಿದ ದನಿಯಲ್ಲಿ ನುಡಿದದ್ದೇ. ಅದು ಸದಾ ತೆಳುವಾಗಿ, ಕೀರಲಾಗಿ ಕೇಳಿದರೆ ‘ಅಪ್ಪನ ಹಾಡುಗಳೇ ಹೀಗೆ’ ಎಂದು ಮಗು ತೀರ್ಮಾನಿಸದೆ ಇದ್ದೀತೆ? ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಬೇರೆ ಕಡೆ ತಿರುಗುತ್ತದೆ. ಇನ್ನು ಹಿರಿಯರು ತುಂಬುದನಿ ಬೇಕೆಂದು ಗುಂಡಿ ಏರಿಸುತ್ತಾರೆ; ನೆರೆಯವರು ಬಾಗಿಲು ಬಡಿಯುತ್ತಾರೆ. ಒಂದು ಕಡೆ ಮಗು ದೂರ, ಇನ್ನೊಂದು ಕಡೆ ನೆರೆಹೊರೆ ದೂರ.

ಆದುದರಿಂದ ಬಂಧುಗಳಲ್ಲಿ ನಮ್ಮ ವಿನಂತಿ ಹೀಗಿದೆ. ಹಬ್ಬದ ರಿಯಾಯಿತಿಯಲ್ಲಿ ಸ್ಪೀಕರು ಕೊಳ್ಳುವಾಗ ಅದು ಎಷ್ಟು ವಾಟ್ ಎಂದು ಕೇಳುವುದನ್ನು ಬಿಟ್ಟು, ಎಲ್ಲಕ್ಕಿಂತ ತಗ್ಗಿದ ದನಿಯಲ್ಲಿ ಒಂದು ಮೃದಂಗದ ತನಿಯನ್ನು ನುಡಿಸಿ ತೋರಿಸಲು ಹೇಳಿ. ಲೌಡ್‌ನೆಸ್ ಏರ್ಪಾಡು ಇದೆಯೇ, ಬೇಡವಾದಾಗ ತೆಗೆಯಲು ಬರುತ್ತದೆಯೇ, ದನಿಗೆ ಎಷ್ಟು ಮೆಟ್ಟಿಲು ಎಂದು ಕೇಳಿ. ಉತ್ತರ ಬಾರದಿದ್ದರೆ ಎದ್ದು ಬನ್ನಿ. ಮನೆಯಲ್ಲಿ ಈಗಾಗಲೇ ಇರುವ ಆ್ಯಪಿನಲ್ಲಿ ಹಾಡುಗಳ ಮಟ್ಟ ಸಮ ಮಾಡುವ ಆಯ್ಕೆಯನ್ನು ಹಾಕಿಡಿ. ಸ್ವರ ಹೊಂದಿಸುವ ಪಟ್ಟಿ ಇದ್ದರೆ ರಾತ್ರಿ ತಗ್ಗು ಸ್ವರಗಳನ್ನು ತುಸು ಏರಿಸಿ. ಇದು ತಾತ್ಕಾಲಿಕ ಮದ್ದು ಮಾತ್ರ. ಶೀತಕ ಪೆಟ್ಟಿಗೆಯ ಮೇಲೆ ವಿದ್ಯುತ್ ಮಿತವ್ಯಯದ ನಕ್ಷತ್ರ ಅಂಟಿಸುವ ಸರಕಾರ, ಸ್ಪೀಕರಿನ ಮೇಲೆಯೂ ಈ ಎರಡು ವಿವರಗಳನ್ನು ಬರೆಯಬೇಕೆಂದು ವಿಧಿಸಲಿ. ಸಂಘದ ಕಾರ್ಯಕಾರಿ ಸಮಿತಿಯವರು ಈ ಬಗ್ಗೆ ಮನವಿಯೊಂದನ್ನು ಸಿದ್ಧಪಡಿಸಿದರೆ ಮೊದಲ ಸಹಿ ನಮ್ಮದು.

ಗಟ್ಟಿಯಾಗಿ ನುಡಿಸಲು ಯಾವ ಪೆಟ್ಟಿಗೆಗೂ ಬರುತ್ತದೆ. ಮೆಲ್ಲನೆ ನುಡಿದರೂ ತುಂಬಿ ನುಡಿಯುವ ಪೆಟ್ಟಿಗೆ ನಮಗೆ ಬೇಕು. ಅದನ್ನು ಕೇಳಿ ಪಡೆಯೋಣ.