ಗಿಡ ನೆಡುವ ಮುನ್ನ ನೆಲ ನೋಡೋಣ



ಕಳೆದ ವರ್ಷ ಕುಮಾರಪಟ್ಟಣದ ಮಕ್ಕಳನ್ನು ಕರೆದುಕೊಂಡು ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಹೋಗಿದ್ದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಬಯಲು ತೋರಿಸಿ, “ಸರ್, ಇಲ್ಲಿ ಬರೀ ಹುಲ್ಲೈತ್ರಿ. ಗಿಡ ಹಚ್ಚಿದ್ರ ಚಲೋ ಆಗ್ತಿತ್ತಲ್ರಿ?” ಎಂದಳು. ಪ್ರತಿ ವರ್ಷ ಪರಿಸರ ದಿನದಂದು ಗಿಡ ನೆಡುವ ನಿಮಗೂ ಹಾಗೆಯೇ ಅನ್ನಿಸಬಹುದು. ಆದರೆ ಅಲ್ಲಿ ಗಿಡ ನೆಡುವುದು ಬೇಡ ಎಂಬುದೇ ನನ್ನ ಅಭಿಪ್ರಾಯ. ಯಾಕೆ ಗೊತ್ತೇ?

119 ಚದರ ಕಿಲೋಮೀಟರ್ ವಿಸ್ತಾರದ ಈ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ. ನಾವು ಚಿಗರಿ ಎಂದು ಕರೆಯುವ ಕೃಷ್ಣಮೃಗ ಬಯಲಿನ ಪ್ರಾಣಿ. ಅದು ಹುಲ್ಲು ಮೇಯುತ್ತದೆ. ತೋಳ ಬಂದರೆ ಪೊದೆಯಲ್ಲಿ ಅಡಗುವುದಿಲ್ಲ, ದೂರದಿಂದಲೇ ನೋಡಿ ಓಡಿ ಪಾರಾಗುತ್ತದೆ. ಸುಮಾರು ಒಂದು ಮೀಟರ್ ಎತ್ತರದ ದೊರವಾಯನ ಹಕ್ಕಿಗೂ ಬಯಲೇ ಬೇಕು. ಅದು ಮರದಲ್ಲಿ ಗೂಡು ಕಟ್ಟದೆ ನೆಲದ ಮೇಲೆಯೇ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ.

ಕುಮಾರಪಟ್ಟಣದ ಕಾರ್ಖಾನೆಯಲ್ಲಿ ನೀಲಗಿರಿ ಮರದಿಂದ ರೇಯಾನ್ ನೂಲಿಗೆ ಬೇಕಾದ ತಿರುಳು ತಯಾರಾಗುವುದನ್ನು ನೀವು ಕೇಳಿದ್ದೀರಿ. ಅದೇ ಜಾತಿಯ ನೀಲಗಿರಿಯನ್ನು ಹಿಂದೆ ಈ ಬಯಲಿನ ಬಹುಭಾಗದಲ್ಲಿ ನೆಡಲಾಗಿತ್ತು. ಹುಲ್ಲುಗಾವಲು ಎಂದರೆ ಬರಡು ನೆಲ ಎಂದೇ ಆಗ ಎಲ್ಲರೂ ಎಣಿಸಿದ್ದರು. ರಕ್ಷಣೆ ಸಿಕ್ಕಿದ್ದರಿಂದ ಚಿಗರಿಗಳು ಹೆಚ್ಚಿ ಸಾವಿರಾರಾದವು. ಆದರೆ ಒಂದು ಕಾಲಕ್ಕೆ ಇಲ್ಲಿ ಕಾಣುತ್ತಿದ್ದ ದೊರವಾಯನ ಹಕ್ಕಿ ಮರೆಯಾಯಿತು. ಬೇಟೆಯೂ ಕಾರಣ, ಬಯಲಿಗೆ ಮರ ಮುಚ್ಚಿದ್ದೂ ಕಾರಣ. ಇಂದು ಇಡೀ ದೇಶದ ಬಯಲುಗಳಲ್ಲಿ ಈ ಹಕ್ಕಿ ಉಳಿದಿರುವುದು 150ಕ್ಕಿಂತ ಕಡಿಮೆ.

ಒಳ್ಳೆಯದೆಂದು ನಂಬಿದ್ದನ್ನೂ ಪರೀಕ್ಷಿಸಿ ನೋಡುವುದೇ ವಿಜ್ಞಾನ. ಆಫ್ರಿಕದ ಉಗಾಂಡ ದೇಶದಲ್ಲಿ ಬ್ವಿಂಡಿ ಎಂಬ ಬೆಟ್ಟದ ಕಾಡಿದೆ. ಅಲ್ಲಿನ ಗೊರಿಲ್ಲಾಗಳು ರಾತ್ರಿ ಮಲಗಲು ಸೊಪ್ಪಿನ ಹಾಸಿಗೆ ಮಾಡಿಕೊಳ್ಳುತ್ತವೆ. ಒಂದು ಗೊರಿಲ್ಲಾಕ್ಕೆ ಒಂದು ಹಾಸಿಗೆ ಎಂದುಕೊಂಡು ಹಾಸಿಗೆಗಳನ್ನೇ ಎಣಿಸುತ್ತಿದ್ದರು. 2006ರ ಗಣತಿಯಲ್ಲಿ ಲದ್ದಿಯನ್ನು ಸಂಗ್ರಹಿಸಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಕೆಲವು ಗೊರಿಲ್ಲಾಗಳು ಒಂದಕ್ಕಿಂತ ಹೆಚ್ಚು ಹಾಸಿಗೆ ಮಾಡುವುದು ತಿಳಿಯಿತು. ಹಾಸಿಗೆ ಲೆಕ್ಕಕ್ಕಿಂತ ಗೊರಿಲ್ಲಾಗಳು ಕಡಿಮೆ ಇದ್ದವು! ವಿಜ್ಞಾನಿಗಳು ತಮ್ಮ ಲೆಕ್ಕ ತಿದ್ದಿಕೊಂಡರು. “ಗಿಡ ನೆಟ್ಟರೆ ಎಲ್ಲೆಡೆಯೂ ಒಳ್ಳೆಯದು” ಎಂಬ ನಮ್ಮ ಲೆಕ್ಕವನ್ನೂ ಹಾಗೆಯೇ ತಿದ್ದಿಕೊಳ್ಳಬೇಕು.

“ಚಿಗರಿ ನಮ್ಮ ಗೋವಿನಜೋಳದ ಮೊಳಕೆ ತಿಂತಾವ್ರಿ” ಎಂದು ನಿಮ್ಮ ಮನೆಯಲ್ಲಿ ಹೇಳಬಹುದು. ಆ ಸಂಕಟ ನಿಜ. ಅದಕ್ಕೆ ಪರಿಹಾರ ಬೇಗ ಸಿಗಬೇಕು. ಜೊತೆಗೆ ಅಭಯಾರಣ್ಯದೊಳಗೆ ನೀಲಗಿರಿ ಕಡಿಮೆಯಾಗಿ ಹುಲ್ಲು ಮರಳಬೇಕು. ಮೇವು ಒಳಗೇ ಸಿಕ್ಕರೆ ಚಿಗರಿ ಹೊಲಕ್ಕೆ ಬರುವುದು ಕಡಿಮೆಯಾದೀತು.

ಶಾಲೆಯ ಅಂಗಳದಲ್ಲಿ, ರಸ್ತೆಯ ಬದಿಯಲ್ಲಿ ಧಾರಾಳವಾಗಿ ಗಿಡ ನೆಡಿ. ಹುಲ್ಲುಗಾವಲನ್ನು ಮಾತ್ರ ಹುಲ್ಲುಗಾವಲಾಗಿಯೇ ಬಿಡಿ. ಈ ಮಳೆಗಾಲದಲ್ಲಿ ಊರ ಹೊರಗಿನ ಹುಲ್ಲಿನಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಗುರುತಿಸಿ. ಅದರಲ್ಲಿ ಎಷ್ಟು ಬಗೆಯ ಹುಲ್ಲು, ಎಷ್ಟು ಬಗೆಯ ಕೀಟಗಳಿವೆ, ವಾರಕ್ಕೊಮ್ಮೆ ಎಣಿಸಿ ಬರೆದಿಡಿ. ಆಮೇಲೆ ನೀವೇ ಹೇಳಿ, ಅದು ಬರಡು ನೆಲವೇ?